ಬೊಂಬೆಗೆ ಒಗೆಯದ ರವಿಕೆ

ಥೊನ್‌ಬುರಿಯ ಕಾಲುವೆ ಬದಿಯ ಓಣಿಯಲ್ಲಿ ದರ್ಜಿ ಸಂಲಿಯಷ್ಟು ನೇರ ಮಾತಿನವಳು ಇನ್ನೊಬ್ಬಳಿರಲಿಲ್ಲ. ಥಾಯ್ ಭಾಷೆಯಲ್ಲಿ ಸಂಲಿ ಅಂದರೆ ಹತ್ತಿ, ಹೆಸರಷ್ಟೇ ಮೆತ್ತಗೆ. ಸೊಂಟ ಸಡಿಲಿಸಿಕೊಡು ಎಂದು ಬಂದ ಗಿರಾಕಿಗೆ, "ಬಟ್ಟೆ ಸರಿಯಾಗೇ ಇದೆ, ನೀವು ಊದಿದೀರಿ," ಎಂದು ಕಡ್ಡಿ ಮುರಿದಂತೆ ಹೇಳುತ್ತಿದ್ದಳು. ಗಂಡ ಸತ್ತಾಗ ಸಮಾಧಾನ ಹೇಳಲು ಬಂದವರಿಗೂ, "ಒಳ್ಳೆಯವನೇನಲ್ಲ, ಆದ್ರೆ ಅಡುಗೆ ಚೆನ್ನಾಗಿ ಮಾಡ್ತಿದ್ದ," ಎಂದಿದ್ದಳಂತೆ. ಅಂಥವಳು ಕರಗುತ್ತಿದ್ದುದು ಒಂದೇ ಜೀವಕ್ಕೆ, ಖನುನ್ ಎಂಬ ಕಂದು ನಾಯಿಗೆ. ಖನುನ್ ಅಂದರೆ ಹಲಸು.

ಮನೆಯಲ್ಲೇ ಹೊಲಿಯುತ್ತಿದ್ದಷ್ಟು ದಿನ ಖನುನ್ ಅವಳ ಕಾಲಬುಡದಲ್ಲಿ ಬಿದ್ದಿರುತ್ತಿತ್ತು. ಮಾರ್ಕೆಟ್ಟಿನಲ್ಲಿ ಯಂತ್ರ ಇಡಲು ಜಾಗ ಸಿಕ್ಕಿ ಅವಳು ಹೊರಗೆ ಹೋಗತೊಡಗಿದ ಮೇಲೆ ಶುರುವಾಯಿತು ನೋಡಿ. ಬೆಳಿಗ್ಗೆ ಬೀಗ ಹಾಕಿದ್ದೇ ಬೊಗಳಲು ಹಿಡಿದರೆ ಸಂಜೆ ಬೀಗ ತೆಗೆಯುವವರೆಗೂ ನಿಲ್ಲಿಸದು. ವಠಾರದ ಯಜಮಾನಿ ಹೊಂಗ್ ಬಾಗಿಲಿಗೆ ಬಂದು ನಿಂತಳು. ಅವಳನ್ನು ಎಲ್ಲರೂ 'ಜೇ' ಎನ್ನುತ್ತಿದ್ದರು, ಅಂದರೆ ದೊಡ್ಡಕ್ಕ.

"ನೋಡೇ ಸಂಲಿ, ತಿಂಗಳ ಕೊನೇಲಿ ನಾಯಿ ಹೋಗ್ಬೇಕು. ಇಲ್ಲಾಂದ್ರೆ ನೀವಿಬ್ರೂ ಹೋಗ್ಬೇಕು."

"ಅದು ಬೇಕೂಂತ ಬೊಗಳಲ್ಲ ಜೇ. ಒಂಟಿಯಾದ್ರೆ ಹೆದರ್ತದೆ."

"ನಾನೂ ಒಂಟಿನೇ. ಬೊಗಳ್ತೀನಾ?"

ಬೊಗಳ್ತೀರಿ ಎಂಬ ಮಾತು ಸಂಲಿಯ ನಾಲಿಗೆ ತುದಿಗೆ ಬಂದಿತ್ತು. ನಾಯಿಯ ಮುಖ ನೋಡಿ ನುಂಗಿಕೊಂಡಳು.

ಮೂಳೆ ಕೊಟ್ಟಳು, ಮೂಸಲಿಲ್ಲ. ರೇಡಿಯೊ ಹಚ್ಚಿಟ್ಟಳು, ಅದರ ಜೊತೆ ಸೇರಿ ಬೊಗಳಿತು. ಕಡೆಗೆ, ಅಳತೆಗೆಂದು ಇಟ್ಟುಕೊಂಡಿದ್ದ ತಲೆಯಿಲ್ಲದ ಬೊಂಬೆಗೆ ತಾನು ಹಿಂದಿನ ದಿನ ತೊಟ್ಟು ಬೆವೆತ ರವಿಕೆ ಹಾಕಿ, ಕಿಟಕಿಯ ಬಳಿ ನಿಲ್ಲಿಸಿ ಹೋದಳು. ಅವಳ ವಾಸನೆ ಸಿಕ್ಕಿದ್ದೇ ಖನುನ್ ಬೊಂಬೆಯ ಬುಡದಲ್ಲಿ ಮುದುರಿ ಮಲಗಿತು. ಸಂಲಿಗೆ ಹೋದ ಜೀವ ಬಂದಂತಾಯಿತು.

ಓಣಿಯವರು ಸುಮ್ಮನಿರಬೇಕಲ್ಲ! ಬೈಕ್ ಟ್ಯಾಕ್ಸಿ ಓಡಿಸುವ ತೋಯ್ ಕಿಟಕಿಯಲ್ಲಿ ಇಣುಕಿ ಬೆಚ್ಚಿಬಿದ್ದ.

"ಬನ್ರೋ ಇಲ್ಲಿ! ಆ ರಾಕ್ಷಸ ನಾಯಿ ಅಡ್ಡಬಿದ್ದಿದೆ! ತಲೆ ಇಲ್ಲದ ತಾಯಿ ನಿಂತವ್ಳೆ!"

ಸಂಜೆಯೊಳಗೆ ಕಿಟಕಿಯ ಕೆಳಗೆ ತಾಯಿಗೆ ನೈವೇದ್ಯವೆಂದು ಸ್ಟ್ರಾ ಸಮೇತ ಕೆಂಪು ಸೋಡಾ ಬಂತು, ಮಲ್ಲಿಗೆ ಹಾರ ಬಂತು. ತೋಯ್‌ಗೆ ಲಾಟರಿ ಹೊಡೆದ ಮೇಲಂತೂ ಕೇಳಬೇಡಿ. "ಅಯ್ಯೋ, ಅದು ಬೊಂಬೆ ಕಣ್ರೀ, ಒಳಗಿರೋದು ಹತ್ತಿ," ಎಂದು ಸಂಲಿ ಗಂಟಲು ಹರಿದುಕೊಂಡರೆ, "ಎಷ್ಟು ವಿನಯ ನೋಡಿ," ಎಂದು ಅವಳಿಗೂ ಕೈಮುಗಿದರು. ಜನ ಮರುಳೋ ಜಾತ್ರೆ ಮರುಳೋ!

ಹೆಚ್ಚು ಮರುಳಾದವಳು ಜೇ ಹೊಂಗ್. ಒಂದು ದಿನ ತನ್ನಲ್ಲಿದ್ದ ಇನ್ನೊಂದು ಕೀಲಿಯಿಂದ ಬಾಗಿಲು ತೆಗೆದು, ಹಳೆಯ ರವಿಕೆಯನ್ನು ಸೋಪಿನ ನೀರಿಗೆ ಹಾಕಿ, ತಾಯಿಗೆ ಹೊಸ ರೇಷ್ಮೆ ಉಡಿಸಿದಳು. ವಾಸನೆ ಹೋಯಿತು; ಖನುನ್ ಮತ್ತೆ ಬಾಯಿ ತೆರೆಯಿತು. ಸಂಲಿ ಮನೆಗೆ ಬರುವಷ್ಟರಲ್ಲಿ ಜೇ ಹೊಂಗ್ ಕೆಂಡವಾಗಿದ್ದಳು.

"ತಾಯಿಗೇ ಬೊಗಳ್ತದಲ್ಲೇ ನಿನ್ನ ನಾಯಿ! ತಿಂಗಳ ಕೊನೆ ಗಿಂಗಳ ಕೊನೆ ಇಲ್ಲ, ನಾಳೆನೇ ಬೌದ್ಧ ವಿಹಾರದ ಅಂಗಳಕ್ಕೆ ಬಿಟ್ಟು ಬಾ. ಅಲ್ಲಿ ಬೀದಿನಾಯಿ ಬೇಕಾದಷ್ಟಿವೆ."

ಖನುನ್ ಓಡಿಬಂದು ಸಂಲಿಯ ಕಾಲಿನ ಸಂದಿಯಲ್ಲಿ ತಲೆ ತೂರಿಸಿತು. ಪಾಪ, ಅವಳ ಎದೆ ಒಡೆದುಹೋಯಿತು. ಹುಟ್ಟಿದಾರಭ್ಯ ಸುಳ್ಳಾಡದ ಆ ಹೆಂಗಸು ಕಣ್ಣು ಮುಚ್ಚಿಕೊಂಡಳು.

"ಮಧ್ಯಾಹ್ನ ತೂಕಡಿಸ್ದಾಗ ತಾಯಿ ಕನಸಲ್ಲಿ ಬಂದಿದ್ರು ಜೇ. ರೇಷ್ಮೆ ಚುಚ್ತದಂತೆ. ನಾನು ತೊಟ್ಟು ಬಿಟ್ಟ ರವಿಕೆನೇ ಬೇಕಂತೆ, ದಿನಾ, ಒಗೀದೇ ಇರೋದು. ನಾಯಿ ಬಾಯಲ್ಲಿ ಅದನ್ನೇ ಹೇಳಿಸಿದ್ರಂತೆ."

ಸುಳ್ಳಿನ ಅಭ್ಯಾಸವಿಲ್ಲದೆ ಅವಳ ಮೈ ಗಡಗಡ ನಡುಗುತ್ತಿತ್ತು. ಮೈಮೇಲೆ ಬಂದಿದೆ ಎಂದುಕೊಂಡ ಜೇ ಹೊಂಗ್ ದೊಪ್ಪನೆ ಮಂಡಿಯೂರಿದಳು.

"ತಪ್ಪಾಯ್ತು ತಾಯಿ." ಆಮೇಲೆ ದನಿ ತಗ್ಗಿಸಿ, "ಸಂಲಿ... ನನ್ನ ಬಗ್ಗೆ ಏನಾದ್ರೂ ಅಂದ್ರೇನೇ?"

ಮೊದಲ ಸುಳ್ಳಷ್ಟೇ ಕಷ್ಟ.

"ಅಂದ್ರು. ದಿನಾ ಮಧ್ಯಾಹ್ನ ನೀವು ಖನುನ್‌ನ ಕಾಲುವೆ ದಂಡೆ ಮೇಲೆ ಸುತ್ತಾಡಿಸ್ಬೇಕಂತೆ. ನಿಮಗೂ ಒಂದು ಜೊತೆ ಬೇಕು ಅಂದ್ರು."

ಮರುದಿನದಿಂದ ಜೇ ಹೊಂಗ್ ಕೊಡೆ ಹಿಡಿದು ನಾಯಿಯ ಹಿಂದೆ ಓಡತೊಡಗಿದಳು. ಮಳೆಗಾಲ ಬರುವ ಹೊತ್ತಿಗೆ ಸಂಲಿ ಮನೆಯಲ್ಲೇ ಇದ್ದ ಭಾನುವಾರವೂ ಮಧ್ಯಾಹ್ನವಾದರೆ ಸಾಕು, ಖನುನ್ ಬಾಗಿಲಿಗೆ ನಿಂತು ಜೇ ಹೊಂಗ್‌ಗಾಗಿ ಬೊಗಳುತ್ತಿತ್ತು. ಹೊಸದಾಗಿ ಬಂದ ಬಾಡಿಗೆಯವನೊಬ್ಬ ಅದರ ಬಗ್ಗೆ ಅವಳಿಗೇ ದೂರು ಕೊಟ್ಟ. ಜೇ ಹೊಂಗ್ ಆಗಲೇ ಚಪ್ಪಲಿ ಮೆಟ್ಟುತ್ತಿದ್ದಳು.

"ಕಷ್ಟ ಆದ್ರೆ ಬೇರೆ ಮನೆ ನೋಡ್ಕೊಳ್ರೀ," ಎಂದಳು. "ನಾಯಿ ಬೊಗಳಿದ್ರೆ ದೇವಲೋಕ ಹಾಳಾಗ್ತದಾ?"