ಒಂದಕ್ಷರ ಬಿಡದ ಅಕ್ಕೋರು

ಅವರ ಕನ್ನಡಕಕ್ಕೆ ಒಂದೇ ಕಿವಿಕಡ್ಡಿ. ಇನ್ನೊಂದು ಬದಿಗೆ ಹೊಲಿಗೆಯ ಬಿಳಿ ದಾರ ಕಟ್ಟಿ ಕಿವಿಗೆ ಸುತ್ತಿಕೊಂಡಿರುತ್ತಿದ್ದರು. ದಾರದ ತುದಿ ಸದಾ ಕೆನ್ನೆಯ ಮೇಲೆ ಜೋತಾಡುತ್ತಿತ್ತು. ಓದುತ್ತಿದ್ದ ಕಥೆಯಲ್ಲಿ ಅಪಾಯ ಹತ್ತಿರ ಬಂತೆಂದರೆ ಅವರ ಬೆರಳು ತಾನಾಗಿ ಆ ತುದಿಯನ್ನು ಹಿಡಿದು ಸುತ್ತತೊಡಗುತ್ತಿತ್ತು. ಹೊಲಿಗೆ ತಾಸಿನಲ್ಲಿ ಕೂತ ನಮಗೆಲ್ಲ ಅದರ ಅರ್ಥ ಗೊತ್ತಿತ್ತು. ಬೆರಳು ದಾರಕ್ಕೆ ಹೋದ ಕೂಡಲೇ ನಮ್ಮ ಸೂಜಿಗಳು ನಿಲ್ಲುತ್ತಿದ್ದವು.

ಹುಬ್ಬಳ್ಳಿಯಲ್ಲಿ ಪಾದ್ರಿಗಳು ನಡೆಸುತ್ತಿದ್ದ ಹೆಣ್ಣುಮಕ್ಕಳ ಶಾಲೆಯಲ್ಲಿ ಅವರು ನಮಗೆ ಕನ್ನಡ ಮತ್ತು ಹೊಲಿಗೆ ಕಲಿಸುತ್ತಿದ್ದರು. ಮೂವತ್ತರ ದಶಕದ ಮಾತು. ನಾವು ಅವರನ್ನು ಅಕ್ಕೋರು ಎನ್ನುತ್ತಿದ್ದೆವು. ಕ್ರೈಸ್ತರು, ಒಂಟಿ ಹೆಂಗಸು, ಬಿಳಿ ಸೀರೆ, ಬರಿಗಾಲು. ಮುಖ ನೋಡಿದರೆ ಗದರುವವರಂತೆ ಕಾಣುತ್ತಿದ್ದರು, ಗದರುತ್ತಲೂ ಇದ್ದರು. ಆದರೆ ಅವರಿಗೊಂದು ಚಟವಿತ್ತು. ಶಾಲೆಯ ಮುಖ್ಯಸ್ಥೆಯಾಗಿದ್ದ ಬಿಳಿಯ ಮಡಮ್ಮನವರಿಗೆ ವಿಲಾಯತಿನಿಂದ ಬರುತ್ತಿದ್ದ ಕಾದಂಬರಿಗಳನ್ನು ಬೇಡಿ ತಂದು, ನಾವು ಹೊಲಿಯುತ್ತಿರುವಾಗ ಓದಿ, ಅಲ್ಲೇ ಕನ್ನಡ ಮಾಡಿ ಹೇಳುವುದು. ಎಲ್ಲವೂ ಇಂಗ್ಲೆಂಡಿನ ಟ್ಯೂಡರ್ ಅರಸರ ಕಾಲದ ಪ್ರೇಮಕಥೆಗಳು. ಆರು ಮದುವೆಯಾದ ಒಬ್ಬ ದಪ್ಪ ಅರಸ, ದೇವರ ಗ್ರಂಥವನ್ನು ಜನರ ಮಾತಿನಲ್ಲಿ ಓದಿದವರಿಗೆ ಸೆರೆಮನೆ, ಅದನ್ನೇ ಬಚ್ಚಿಟ್ಟುಕೊಂಡು ಓದುವ ಹುಡುಗಿ, ಅವಳನ್ನು ಪ್ರೀತಿಸುವವನೊಬ್ಬ. ನಮ್ಮ ಹುಡುಗಿಯರಿಗೆ ದೇವರಿಗಿಂತ ಆ ಪ್ರೀತಿಸುವವನ ಚಿಂತೆಯೇ ಹೆಚ್ಚಾಗಿತ್ತು, ಸುಳ್ಳೇಕೆ ಹೇಳಲಿ.

ಶಾಲೆಯಲ್ಲಿ ಓದುವಾಗ ಅಕ್ಕೋರಿಗೆ ಭಾರಿ ಅವಸರ. ಅರಮನೆಯ ವರ್ಣನೆ, ಉಡುಪಿನ ವರ್ಣನೆ ಬಂದರೆ "ಅದಿರಲಿ, ಮುಂದ ಹೋಗೂಣು" ಎಂದು ಹಾಳೆ ಮಗುಚುತ್ತಿದ್ದರು. ಆದರೆ ಇಲ್ಲದ್ದನ್ನು ಕೂಡಿಸುತ್ತಿರಲಿಲ್ಲ. ಒಮ್ಮೆ ಕಥೆಯಲ್ಲಿ ಒಬ್ಬ ಒಳ್ಳೆಯ ಮುದುಕ ಸತ್ತ. "ಅಂವನ್ನ ಉಳಸ್ರಿ ಅಕ್ಕೋರ" ಎಂದು ನಾವು ಗೋಗರೆದೆವು. "ಬರದಾಂವ ಕೊಂದಾನವಾ, ನಾ ಹೆಂಗ ಉಳಸ್ಲಿ? ಸುಳ್ಳ ಹೇಳಿದ್ರ ನಾಳೆ ನನ್ನ ಮಾತು ಯಾರು ನಂಬತೀರಿ?" ಎಂದರು.

ನಮ್ಮದು ಹತ್ತಿ ವ್ಯಾಪಾರದ ಲಿಂಗವಂತರ ಮನೆ. ಅಪ್ಪ ತೀರಿಕೊಂಡಿದ್ದರಿಂದ ಮನೆ, ಅಂಗಡಿ ಎರಡೂ ಅವರ ತಮ್ಮ, ನಮ್ಮ ಕಾಕಾನ ಕೈಯಲ್ಲಿದ್ದವು. ಕಾಕಾ ಮ್ಯಾಟ್ರಿಕ್ ತನಕ ಓದಿದವನು, ಡಿಕ್ಷನರಿ ಹಿಡಿದರೆ ಇಂಗ್ಲಿಷ್ ಬಿಡಿಸಬಲ್ಲ. ಅವನ ತಾಯಿ, ನನ್ನ ಅಜ್ಜಿ, ನಮಗೆಲ್ಲ ಆಯಿ. ನಾನು ಆ ವರ್ಷ ಏಳನೆಯ ತರಗತಿಯ ಮುಲ್ಕಿ ಪರೀಕ್ಷೆಗೆ ಕೂಡಬೇಕಿತ್ತು. ಮುಲ್ಕಿ ಪಾಸಾದ ಹುಡುಗಿಗೆ ಮಾಸ್ತರಿಕೆ ಸಿಗುತ್ತಿತ್ತು, ಪಾಸಾಗದವಳಿಗೆ ಗಂಡ ಸಿಗುತ್ತಿದ್ದ. ಅಮ್ಮಿನಬಾವಿಯ ಜಮೀನುದಾರರ ಮನೆಯಿಂದ ನನಗೆ ಆಗಲೇ ಒಂದು ಮಾತು ಬಂದಿತ್ತು. ಹುಡುಗನಿಗೆ ಮೊದಲ ಹೆಂಡತಿ ಸತ್ತಿದ್ದಳು.

ಅದೇ ಹೊತ್ತಿಗೆ ನಮ್ಮ ಓಣಿಯಲ್ಲಿ ಗುಸುಗುಸು ಎದ್ದಿತು. ಪಾದ್ರಿಗಳ ಶಾಲೆಯಲ್ಲಿ ಕಥೆ ಹೇಳಿ ಹುಡುಗಿಯರ ಜಾತಿ ಕೆಡಿಸುತ್ತಾರೆ ಎಂದು. ನಾನೋ, ಜೋಳ ಹಸನು ಮಾಡುತ್ತ ಮನೆಯ ಹೆಂಗಸರಿಗೆ ಅಕ್ಕೋರು ಆಗ ಓದುತ್ತಿದ್ದ ಮಾರ್ಗರೇಟಳ ಕಥೆ ಹೇಳುತ್ತಿದ್ದೆ: ಜಮೀನುದಾರನ ಮಗಳು, ಅಪ್ಪ ತೋರಿಸಿದ ಮುದಿ ಸರದಾರನನ್ನು ಒಲ್ಲೆ ಎಂದವಳು, ಗ್ರಂಥವನ್ನು ನೆಲಹಾಸಿನ ಹಲಗೆಯ ಕೆಳಗೆ ಬಚ್ಚಿಟ್ಟವಳು. ಹಿಂದೆ ಕಾಕಾ ನಿಂತಿದ್ದ. "ನಾಳಿಯಿಂದ ಸಾಲಿ ಬಂದ್" ಎಂದ. ಅಷ್ಟೇ.

ಎರಡು ದಿನ ನಾನು ಶಾಲೆಗೆ ಹೋಗಲಿಲ್ಲ. ಮೂರನೆಯ ದಿನ ಇಳಿಹೊತ್ತಿನಲ್ಲಿ ಅಕ್ಕೋರು ತಾವೇ ಬಂದರು. ಅಂಗಳ ದಾಟಿ ಪಡಸಾಲೆಯ ತುದಿಯಲ್ಲಿ ನಿಂತರು, ಕಂಕುಳಲ್ಲಿ ಆ ಪುಸ್ತಕ. ಅದನ್ನೇಕೆ ತಂದರು ಇವರು, ಬೆಂಕಿಗೆ ಎಣ್ಣೆ?

"ಇದ ಏನ್ರಿ ಆ ಪುಸ್ತಕಾ?" ಎಂದ ಕಾಕಾ.

"ಹೌದ್ರಿ. ನಿಮ್ಮ ಹುಡುಗಿ ಶಾಣ್ಯಾಕಿ ಅದಾಳ್ರಿ, ಪರೀಕ್ಷಾ ತಪ್ಪಸಬ್ಯಾಡ್ರಿ. ಪುಸ್ತಕದ ಮ್ಯಾಲ ಸಂಶೆ ಇದ್ರ ಎಲ್ಲಾರ ಮುಂದ ಓದತೇನಿ."

ಕಾಕಾ ಪುಸ್ತಕ ಕಸಿದುಕೊಂಡು ಗುರುತಿಟ್ಟಿದ್ದ ಹಾಳೆ ತೆಗೆದ. "ಇಲ್ಲೇ ಓದ್ರಿ."

ಅದು ಅಪ್ಪ ಮಗಳ ಜಗಳದ ಜಾಗ. ಅಕ್ಕೋರ ಬೆರಳು ದಾರಕ್ಕೆ ಹೋಯಿತು. ಒಂದೆರಡು ಮಾತು ನುಂಗಿದ್ದರೆ ಡಿಕ್ಷನರಿ ಇಲ್ಲದೆ ಅಲ್ಲಿ ಯಾರಿಗೂ ತಿಳಿಯುತ್ತಿರಲಿಲ್ಲ. ಅವರು ನುಂಗಲಿಲ್ಲ. "'ಅಪ್ಪಾ, ನಿಮ್ಮ ಅನ್ನಾ ತಿಂದು ದೊಡ್ಡಾಕಿ ಆಗೇನಿ. ನೀವು ಹೇಳಿದ್ದೆಲ್ಲಾ ಕೇಳೇನಿ. ಇದೊಂದು ಮಾತ್ರ ಕೇಳೂದಿಲ್ಲ' ಅಂದ್ಲು" ಎಂದು ಸ್ಪಷ್ಟವಾಗಿ ಹೇಳಿದರು.

"ಕೇಳಿದೇನವ್ವಾ?" ಎಂದು ಕಾಕಾ ಆಯಿಯ ಕಡೆ ತಿರುಗಿದ. "ಇಂಥಾದ್ದು ಕಲಸ್ತಾರ."

ಆಯಿ ಒಳಬಾಗಿಲಲ್ಲಿ ಕಂಬಕ್ಕೆ ಒರಗಿ ಕೂತಿದ್ದಳು. ಅಕ್ಷರ ಬಾರದವಳು, ಆದರೆ ಪ್ರತಿ ಶ್ರಾವಣವೂ ಪುರಾಣ ಕೇಳಿದವಳು. "ಅಪ್ಪ ಏನಂದ?" ಎಂದು ಅಕ್ಕೋರನ್ನೇ ಕೇಳಿದಳು.

"ಬಾಗಲಾ ಹಾಕಿದ್ನರಿ."

"ಹುಡುಗೀನ ಒಳಗ ಹಾಕಿದ್ನೋ, ಹೊರಗ ಹಾಕಿದ್ನೋ?"

"ಹೊರಗರಿ."

ಆಯಿ ಕಾಕಾನ ಕಡೆ ತಿರುಗಿ, "ಹುಡುಗೀನ ಬೀದ್ಯಾಗ ನಿಲ್ಲಿಸಿ ಪುಸ್ತಕಾ ಮುಚ್ಚಬಾರದು. ಮನ್ಯಾಗ ಕಥಿ ಕುಂತ ಮ್ಯಾಲ ಮಂಗಳ ಆಗಬೇಕು. ಅಲ್ಲೀತನಕಾ ಕನ್ಯಾ ತೋರಸೂದೂ ಬ್ಯಾಡ, ಸಾಲಿ ಬಿಡಸೂದೂ ಬ್ಯಾಡ" ಎಂದಳು. ಪುರಾಣ ಹಚ್ಚಿದರೆ ಕೊನೆಯ ದಿನ ಮಂಗಳಾರತಿ ಮಾಡಿ, ಪ್ರಸಾದ ಹಂಚಿ ಮುಗಿಸುವುದು ನಮ್ಮಲ್ಲಿಯ ಪದ್ಧತಿ. ಅರ್ಧಕ್ಕೆ ಬಿಟ್ಟರೆ ಮನೆಗೆ ಕೇಡು ಎಂಬುದು ಆಯಿಯ ನಂಬಿಕೆ.

ತಾಯಿಗೆ ಎದುರಾಡುವ ಧೈರ್ಯ ಕಾಕಾನಿಗಿರಲಿಲ್ಲ. ಆದರೆ ಕರಾರು ಹಾಕಿದ. ಪುಸ್ತಕ ತನ್ನ ಕಪಾಟಿನಲ್ಲೇ ಇರಬೇಕು. ಹೇಳಿದ್ದನ್ನು ತಾನು ಡಿಕ್ಷನರಿ ಹಿಡಿದು ತಾಳೆ ನೋಡುತ್ತೇನೆ. "ಒಂದು ಅಕ್ಷರಾ ಬಿಡಬಾರದ್ರಿ, ಒಂದು ಅಕ್ಷರಾ ಕೂಡಸಬಾರದು. ಮುಗಿದ ದಿನಾ ನಮ್ಮ ಹುಡುಗಿ ಸಾಲೀನೂ ಮುಗೀತು."

"ಆಗಲ್ರಿ" ಎಂದರು ಅಕ್ಕೋರು.

ಸೋಮವಾರ, ಗುರುವಾರ ಅವರು ಬರತೊಡಗಿದರು. ಶಾಲೆ ಬಿಟ್ಟ ಮೇಲೆ ಬಂದು, ದೀಪ ಹಚ್ಚುವ ಮುಂಚೆ ಏಳುತ್ತಿದ್ದರು. ಉಳಿದಿದ್ದ ಹಾಳೆಗಳ ದಪ್ಪವನ್ನು ನಾನು ಕಣ್ಣಲ್ಲೇ ಅಳೆಯುತ್ತಿದ್ದೆ. ಶಾಲೆಯಲ್ಲಿ ಓದುತ್ತಿದ್ದ ಓಟದಲ್ಲಿ ಓದಿದರೆ ಪರೀಕ್ಷೆಗೆ ಬಹಳ ಮುಂಚೆಯೇ ಮುಗಿಯುವುದು ಖಂಡಿತ. ರಾತ್ರಿ ಊಟ ಸೇರುತ್ತಿರಲಿಲ್ಲ.

ಎರಡನೆಯ ವಾರ ನನಗೆ ಹೊಳೆಯಿತು. ಅಕ್ಕೋರು ಏನನ್ನೂ ಬಿಡುತ್ತಿರಲಿಲ್ಲ. ಮಾರ್ಗರೇಟಳ ನಿಲುವಂಗಿಯ ತೋಳು ಎಷ್ಟು ಅಗಲ, ಅದಕ್ಕೆ ಯಾವ ಪ್ರಾಣಿಯ ತುಪ್ಪಳ, ಕೊರಳಪಟ್ಟಿಗೆ ಎಷ್ಟು ನೆರಿಗೆ, ಅರಸನ ಊಟಕ್ಕೆ ಏನೇನು ಬಂತು, ಯಾವ ತಟ್ಟೆಯಲ್ಲಿ ಬಂತು, ಯಾವ ಸೇವಕ ಯಾರ ಹಿಂದೆ ನಿಂತ. ನೆರಿಗೆ ಎಂದರೆ ಆಯಿಗೆ ತಿಳಿಯಲೆಂದು ತಮ್ಮ ಸೆರಗಿನಲ್ಲೇ ಮಾಡಿ ತೋರಿಸುತ್ತಿದ್ದರು. "ಕಥಿ ಮುಂದ ಹೋಗಲ್ರಿ" ಎಂದು ಕಾಕಾ ಚಡಪಡಿಸುತ್ತಿದ್ದ. "ಬರದಾರ್ರಿ. ಬಿಡಬಾರದು ಅಂದೀರಿ" ಎಂದು ಅವರು ತಲೆ ಎತ್ತದೆ ಹೇಳುತ್ತಿದ್ದರು. ಒಳಗೆ ಹೋಗಿ ನಾನು ಬಾಯಿಗೆ ಸೆರಗು ಒತ್ತಿಕೊಂಡು ನಕ್ಕೆ. ನಗುವಿನ ಹಿಂದೆಯೇ ಭಯ. ಒಂದು ಸಲ ಬೆಳಕು ಮಂದವಾಗಿ ಅಕ್ಕೋರ ಕಣ್ಣು ಎರಡು ಸಾಲು ಹಾರಿತ್ತು. ಮುಂದಿನ ಸಲ ಕಾಕಾ ಅಲ್ಲಿ ಪೆನ್ಸಿಲ್ ಗೆರೆ ಎಳೆದು, "ಇನ್ನೊಮ್ಮೆ ಹಿಂಗಾದ್ರ ಅವತ್ತ ಮುಗೀತು" ಎಂದ. ಅಂದಿನಿಂದ ಅವರು ಸಾಲಿನ ಕೆಳಗೆ ಬೆರಳಿಟ್ಟು ಓದಿದರು.

ಶಾಲೆಯಲ್ಲೂ ಅವರಿಗೆ ನೆಮ್ಮದಿ ಇರಲಿಲ್ಲ. ಮಂದಿಯ ಮನೆಗೆ ಹೋಗಿ ಕಾದಂಬರಿ ಓದುವ ವಿಷಯ ಮಡಮ್ಮನವರ ಕಿವಿಗೆ ಬಿದ್ದಿತ್ತು. ದೂರು ಬಂದರೆ ಇತರ ಹುಡುಗಿಯರನ್ನೂ ಬಿಡಿಸುತ್ತಾರೆ, ಆಗ ನಿಮ್ಮ ಕೆಲಸ ಇರುವುದಿಲ್ಲ ಎಂದು ಅವರನ್ನು ಕರೆದು ಹೇಳಿದ್ದರಂತೆ. ನನಗೆ ಅದನ್ನು ಅವರು ಹೇಳಲಿಲ್ಲ, ಶಾಲೆಯ ಕೆಲಸದಾಕೆ ಹೇಳಿದಳು. ಆ ಸಂಜೆಯೂ ಅವರು ಬಂದು ಕೂತು, ಮುದಿ ಸರದಾರನ ಬೂಟಿನ ಗುಂಡಿಗಳನ್ನು ಒಂದೊಂದಾಗಿ ಹೇಳಿದರು.

ಕೊನೆಕೊನೆಗೆ ಮಾರ್ಗರೇಟಳ ಪ್ರಿಯಕರ ಉಣ್ಣೆಯ ಅಂಡಿಗೆಗಳೊಳಗೆ, ಬಿಗಿದು ಕಟ್ಟಿದ ಮೂಟೆಗಳೊಳಗೆ, ಗ್ರಂಥಗಳನ್ನಿಟ್ಟು ಹಡಗಿನಲ್ಲಿ ಸಾಗಿಸುವ ಭಾಗ ಬಂತು. ಕಾಕಾ ಹತ್ತಿಯವನಲ್ಲವೇ, ಮೊದಲ ಸಲ ಮುಂದೆ ಬಾಗಿದ. "ತೂಕ ಹೆಚ್ಚಾಗತದಲ್ಲ, ಸುಂಕದ ಕಟ್ಟಿಯವರಿಗೆ ತಿಳಿಯೂದಿಲ್ಲೇನ್ರಿ?" ಎಂದು ಕೇಳಿದ. "ಮುಂದ ಬರೂದೈತ್ರಿ" ಎಂದರು ಅಕ್ಕೋರು. ಆದರೂ ಕರಾರು ಸಡಿಲಾಗಲಿಲ್ಲ. ಅಮ್ಮಿನಬಾವಿಗೆ ಹೇಳಿ ಕಳಿಸಿದ್ದನ್ನು ನಾನೇ ಕೇಳಿಸಿಕೊಂಡೆ: ಬರುವ ಶುಕ್ರವಾರ ಹುಡುಗಿಯನ್ನು ನೋಡಲು ಬನ್ನಿ ಎಂದು.

ಧಾರವಾಡದಲ್ಲಿ ಪರೀಕ್ಷೆ ಸೋಮವಾರ. ಅದರ ಹಿಂದಿನ ಗುರುವಾರ ಪುಸ್ತಕ ಮುಗಿಯಿತು. ಮಾರ್ಗರೇಟ್ ಪ್ರಿಯಕರನನ್ನೇ ಮದುವೆಯಾಗಿ ಅವನೊಡನೆ ಹಡಗು ಹತ್ತಿದಳು, ಅಪ್ಪ ಬಂದರಿನಲ್ಲಿ ನಿಂತು ನೋಡಿದ, ಕೊನೆಯ ಸಾಲು. ಇನ್ನೊಂದು ಹಾಳೆ, ಇನ್ನೊಂದು ಮಾತು ಕೂಡಿಸಿದ್ದರೆ ಎಂದು ನನ್ನ ಜೀವ ಕೂಗುತ್ತಿತ್ತು. ಅಕ್ಕೋರು ಪುಸ್ತಕ ಮುಚ್ಚಿದರು.

"ಮುಗೀತ್ರಿ" ಎಂದರು.

"ಹಂಗಾರ ನಾಳೆ ಅಮ್ಮಿನಬಾವಿಯವರು ಬರತಾರ" ಎನ್ನುತ್ತ ಕಾಕಾ ಎದ್ದ.

"ಕೂಡು" ಎಂದಳು ಆಯಿ. "ಓದೂದು ಮುಗದೈತಿ. ಮಂಗಳ ಎಲ್ಲಿ ಆತು?"

"ಯವ್ವಾ, ಇದು ಕ್ರಿಸ್ತರ ಕಥಿ. ಇದಕ್ಕೆಂಥಾ ಮಂಗಳ?"

"ಒಂದು ಹೆಣ್ಣಿನ ಕಷ್ಟಾ ಕೇಳೇವಿ. ಬರೇ ಕೈಲೆ ಏಳೂದಿಲ್ಲ. ಬರೂ ಗುರುವಾರ ಹೋಳಿಗಿ ಮಾಡೂಣು. ಅಲ್ಲೀತನಕಾ ಕಥಿ ಕುಂತೇ ಐತಿ. ಅಮ್ಮಿನಬಾವಿಯವರಿಗೆ ಹೇಳಿ ಕಳಸು."

ಕಾಕಾ ತಾಯಿಯ ಮುಖ ನೋಡಿದ, ನನ್ನ ಮುಖ ನೋಡಿದ, ರುಮಾಲು ಎತ್ತಿಕೊಂಡು ಅಂಗಡಿಗೆ ಹೋದ. ಸೋಮವಾರ ಅಕ್ಕೋರೇ ನನ್ನನ್ನು ರೈಲಿನಲ್ಲಿ ಧಾರವಾಡಕ್ಕೆ ಕರೆದುಕೊಂಡು ಹೋಗಿ, ಪರೀಕ್ಷೆ ಮುಗಿಯುವ ತನಕ ಹೊರಗೆ ಬೇವಿನ ಗಿಡದ ಕೆಳಗೆ ಕೂತರು.

ಮಂಗಳಕ್ಕೆ ಅವರು ಬರಲಾಗಲಿಲ್ಲ. ಮಡಮ್ಮನವರು ಅವರನ್ನು ಆ ವಾರವೇ ಗದಗಿನ ಕಡೆಯ ಶಾಲೆಗೆ ಕಳಿಸಿಬಿಟ್ಟರು. ನಾನು ಪಾಸಾದೆ. ಹುಡುಗಿ ನೋಡುವುದನ್ನು ಮುಂದೆ ಹಾಕಿದ್ದಕ್ಕೆ ಸಿಟ್ಟಾಗಿ ಅಮ್ಮಿನಬಾವಿಯವರು ಬೇರೆ ಕಡೆ ಹೆಣ್ಣು ತಂದುಕೊಂಡಿದ್ದರು. ಮುಂದೆ ನನಗೆ ಹೆಬ್ಬಳ್ಳಿಯ ಹೆಣ್ಣುಮಕ್ಕಳ ಶಾಲೆಯಲ್ಲಿ ಕೆಲಸ ಸಿಕ್ಕಿತು. ಯುದ್ಧದ ವರ್ಷಗಳಲ್ಲಿ ಹತ್ತಿಯ ವ್ಯಾಪಾರ ಮುಗ್ಗರಿಸಿ ಕಾಕಾನ ಅಂಗಡಿ ಮುಚ್ಚಿದಾಗ ಮನೆಯ ಒಲೆ ಹೊತ್ತಿದ್ದು ನನ್ನ ಪಗಾರದಿಂದ. ಕಾಕಾ ಅದನ್ನು ಬಾಯಿಬಿಟ್ಟು ಹೇಳಿದವನಲ್ಲ. ಆಯಿ ದಿನಾ ಹೇಳುತ್ತಿದ್ದಳು, ಅವನಿಗೆ ಕೇಳುವ ಹಾಗೆ.

ಅಕ್ಕೋರು ತೀರಿಕೊಂಡ ಸುದ್ದಿ ಮಣ್ಣಾದ ಮೇಲೆ ಬಂತು. ನನಗೆ ಅಳು ಬರುವ ಮೊದಲು ಸಿಟ್ಟು ಬಂತು, ಯಾರ ಮೇಲೆ ಎಂದು ತಿಳಿಯಲಿಲ್ಲ. ಗದಗಿಗೆ ಹೊರಟಾಗ ಕಾಕಾ ಕರೆಯದೆಯೇ ಜೊತೆಗೆ ಬಂದ. ಅವರ ಸ್ಮಶಾನದಲ್ಲಿ ಹಸಿ ಮಣ್ಣಿನ ಮುಂದೆ ಏನು ಮಾಡಬೇಕೆಂದು ನಮಗಿಬ್ಬರಿಗೂ ಗೊತ್ತಿರಲಿಲ್ಲ. ಕಾಕಾ ರುಮಾಲು ತೆಗೆದು ಕೈಯಲ್ಲಿ ಹಿಡಿದುಕೊಂಡ.

"ಅಷ್ಟು ದಿವಸಾ ಗಂಟಲಾ ಹರಕೊಂಡು ಓದಿದ್ರು" ಎಂದ. "ನೀರು ಬೇಕೇನ್ರಿ ಅಂತ ನಾ ಒಂದು ದಿನಾ ಕೇಳಲಿಲ್ಲ."

ಅಲ್ಲಿಯವರೆಗೆ ಅವರ ಋಣ ನನ್ನೊಬ್ಬಳದು ಎಂದುಕೊಂಡಿದ್ದೆ. ಅಂದು ಅದು ನಮ್ಮ ಇಡೀ ಮನೆಯದಾಯಿತು.