ಫೋಕಸ್ ಸಿಗಲಿಲ್ಲ ಎಂಬ ಸುಳ್ಳು

"ಒಂದೇ ನಿಮಿಷ, ಫೋಕಸ್ ಸಿಗ್ತಿಲ್ಲ" ಎಂದೆ. ಪಲ್ಲಡಂನಲ್ಲಿ ಅಣ್ಣನ ಹೊಸ ಮನೆಯ ಬಾಗಿಲಲ್ಲಿ ದೊಡ್ಡಮ್ಮ, ಚಿಕ್ಕಮ್ಮ ಇಬ್ಬರೂ ಮುಖ ಗಂಟಿಕ್ಕಿಕೊಂಡು ನಿಂತಿದ್ದರು. ಯಾವುದೋ ಸೀರೆಯ ವಿಷಯಕ್ಕೆ ಈ ಅಕ್ಕ ತಂಗಿಯರ ನಡುವೆ ಮಾತು ನಿಂತು ವರ್ಷವಾಗಿತ್ತು. ಫೋಟೋಕ್ಕೆಂದು ಅಮ್ಮ ಬಲವಂತ ಮಾಡಿ ಜೊತೆಗೆ ನಿಲ್ಲಿಸಿದ್ದರು. ನಡುವೆ ಇನ್ನೊಬ್ಬರು ನಿಲ್ಲುವಷ್ಟು ಜಾಗವಿತ್ತು.

ನನ್ನ ಡಿಜಿಟಲ್ ಕ್ಯಾಮೆರಾಕ್ಕೆ ಅಪ್ಪನ ಹಳೆಯ ಲೆನ್ಸ್ ಹಾಕಿದ್ದೆ. ಅದರ ಫೋಕಸನ್ನು ಕೈಯಲ್ಲೇ ತಿರುಗಿಸಿ ಹೊಂದಿಸಬೇಕು. ನಿಜ ಹೇಳಬೇಕೆಂದರೆ ಫೋಕಸ್ ಆಗಲೇ ಸಿಕ್ಕಿತ್ತು. ಆದರೂ ಸುಮ್ಮನೆ ಆಚೆ ಈಚೆ ತಿರುಗಿಸುತ್ತಲೇ ಇದ್ದೆ.

ಕೊನೆಗೆ ಚಿಕ್ಕಮ್ಮನಿಗೆ ತಡೆಯಲಾಗಲಿಲ್ಲ. "ಅಕ್ಕಾ, ಇವನಿಗೆ ಫೋಟೋ ತೆಗೆಯಕ್ಕೇ ಬರಲ್ಲ. ಸುಮ್ನೆ ನಮ್ಮನ್ನ ನಿಲ್ಸವ್ನೆ!"

"ಇವರಪ್ಪನೂ ಇಂಗೇ ತಾನೆ! ನಿನ್ನ ಕಲ್ಯಾಣದಲ್ಲಿ ಗಂಡಿನ ತಲೇನೇ ಬಿಟ್ಟು ಫೋಟೋ ತೆಗೆದ್ರು" ಎಂದರು ದೊಡ್ಡಮ್ಮ.

ಇಬ್ಬರೂ ಒಬ್ಬರ ಮೇಲೊಬ್ಬರು ಬಿದ್ದು ನಕ್ಕರು. ನಾನು ಗಡಿಬಿಡಿಯಲ್ಲಿ ಗುಂಡಿ ಒತ್ತಿದೆ. ಎರಡು ಮುಖವೂ ಮಸುಕಾಗಿ ಬಂದವು.

ಈಗ ನೆಂಟರ ಮದುವೆಗೆ ಯಾರೂ ನನಗೆ ಕ್ಯಾಮೆರಾ ತಾ ಎನ್ನುವುದಿಲ್ಲ. ಅಕ್ಕ ತಂಗಿ ಮಾತ್ರ ದಿನಾ ಫೋನಿನಲ್ಲಿ ಗಂಟೆಗಟ್ಟಲೆ ಮಾತಾಡುತ್ತಾರೆ, ಹೆಚ್ಚಾಗಿ ನನ್ನನ್ನು ಆಡಿಕೊಂಡು ನಗಲು. ಅವತ್ತು ಫೋಕಸ್ ಮೊದಲೇ ಸಿಕ್ಕಿತ್ತೆಂದು ನಾನಿನ್ನೂ ಬಾಯಿ ಬಿಟ್ಟಿಲ್ಲ.