ತಿರುಗಿಸಿ ಹಿಡಿದ ರಸಮಟ್ಟ

ಆ ಮೇಸ್ತ್ರಿಗೆ ಹೆತ್ತವರು ಇಟ್ಟ ಹೆಸರೊಂದಿತ್ತು, ಆದರೆ ಅದು ಆಸ್ಪತ್ರೆಯ ಚೀಟಿಯಲ್ಲಿ ಮಾತ್ರ ಉಳಿದಿತ್ತು. ಮಿಕ್ಕವರ ಬಾಯಲ್ಲಿ ಅವರು ರಸಮಟ್ಟದ ಮೇಸ್ತ್ರಿ. ರಸಮಟ್ಟ ಗೊತ್ತಲ್ಲ, ನೆಲ ಹಾಸುವವರ ಕೈಯಲ್ಲಿರುವ ಉದ್ದನೆಯ ಪಟ್ಟಿ. ಅದರ ನಡುವೆ ಗಾಜಿನ ಕೊಳವೆ, ಕೊಳವೆಯೊಳಗೆ ಒಂದು ಗುಳ್ಳೆ. ನೆಲ ಸಮವಾಗಿದ್ದರೆ ಗುಳ್ಳೆ ನಡುವೆ ನಿಲ್ಲುತ್ತದೆ, ಇಲ್ಲದಿದ್ದರೆ ಎತ್ತರದ ಕಡೆಗೆ ಓಡುತ್ತದೆ. ಈ ಮೇಸ್ತ್ರಿಗೆ ಮಾತ್ರ ಅದು ಬೇಕಿರಲಿಲ್ಲ. ಚಪ್ಪಲಿ ಬಿಟ್ಟು, ಕಾಲು ಸ್ವಲ್ಪ ಅಗಲಿಸಿ, ಕಣ್ಣು ಮುಚ್ಚಿ ಒಂದು ಗಳಿಗೆ ನಿಂತರೆ ಸಾಕು, "ಕಿಟಕಿ ಕಡೆ ಒಂದು ನೂಲು ಇಳಿದಿದೆ, ಎತ್ತು" ಅನ್ನುತ್ತಿದ್ದರು. ನೂಲು ಅಂದರೆ ಇಂಚಿನ ಎಂಟನೆಯ ಒಂದು ಪಾಲು. ಜೊತೆಗೆ ಕೆಲಸ ಮಾಡುವ ಅವರ ತಮ್ಮನು ರಸಮಟ್ಟ ಇಟ್ಟು ನೋಡಿದರೆ ಅಷ್ಟೇ ಇರುತ್ತಿತ್ತು.

ನಲವತ್ತು ವರ್ಷ ಕುಕ್ಕರಗಾಲಲ್ಲಿ ಕೂತು ಕೂತು ಅವರ ಬಲಸೊಂಟದ ಕೀಲು ಸವೆದುಹೋಯಿತು. ಡಾಕ್ಟರು ಕೀಲನ್ನೇ ಬದಲಾಯಿಸಿದರು. ನೋವೇನೋ ಹೋಯಿತು. ಆದರೆ ಇನ್ನು ಕುಕ್ಕರಗಾಲು ಬೇಡ, ನೆಲದ ಮೇಲೆ ಕೂರುವುದು ಬೇಡ ಎಂದು ಹೇಳಿ ಕಳಿಸಿದರು. ಹಾಗಾಗಿ ಕರಣೆ ಹಿಡಿಯುವ ಕೆಲಸ ಪೂರ್ತಿ ತಮ್ಮನ ಪಾಲಿಗೆ ಹೋಯಿತು. ಅಣ್ಣನಿಗೆ ಉಳಿದದ್ದು ನಿಂತು ನೋಡಿ ಹೇಳುವ ಕೆಲಸ, ಪಾದದ ಕೆಲಸ. ಸರಿಯಾಗಿ ಅದಕ್ಕೇ ಕುತ್ತು ಬಂತು ನೋಡಿ.

ಊರುಗೋಲು ಬಿಟ್ಟು ಮೊದಲ ಸಲ ಅಡುಗೆಮನೆಗೆ ನಡೆದು ಬಂದ ದಿನ ಮೇಸ್ತ್ರಿ ಬಾಗಿಲ ಚೌಕಟ್ಟು ಹಿಡಿದು ನಿಂತುಬಿಟ್ಟರು.

"ಲೇ, ಈ ನೆಲಕ್ಕೇನಾಯ್ತು?"

ಹೆಂಡತಿ ಒಲೆಯ ಮುಂದಿಂದ ತಿರುಗಿ ನೋಡಿದರು. "ನೆಲಕ್ಕೇನಾಗತ್ತೆ? ಬೆಳಿಗ್ಗೆ ಒರೆಸಿದೀನಿ."

"ಎಡಗಡೆ ಕುಸಿದಿದೆ. ಕಾಲಿಟ್ರೆ ಹಳ್ಳಕ್ಕೆ ಇಟ್ಟ ಹಾಗಾಗತ್ತೆ."

"ನೀವೇ ಹಾಸಿದ ನೆಲ ರೀ. ಇಪ್ಪತ್ತೆಂಟು ವರ್ಷದಿಂದ ಇಲ್ಲೇ ಇದೆ, ಎಲ್ಲೂ ಹೋಗಿಲ್ಲ." ಆಮೇಲೆ ಅವರ ನಡಿಗೆಯನ್ನು ಕಿವಿಗೊಟ್ಟು ಕೇಳಿ ಅಂದರು: "ಕುಸಿದಿರೋದು ನೆಲ ಅಲ್ಲ. ಒಂದು ಕಾಲು ಟಕ್ ಅನ್ನತ್ತೆ, ಇನ್ನೊಂದು ಧಪ್ ಅನ್ನತ್ತೆ. ನಿಮ್ಮ ಬಲಗಾಲು ಉದ್ದ ಆಗಿದೆ."

ಮೇಸ್ತ್ರಿಗೆ ಈ ಮಾತು ಹಿಡಿಸಿತು. ಎತ್ತರ ತಗ್ಗು ತಾನೇ, ಅದರಲ್ಲೇ ಹುಟ್ಟಿ ಬೆಳೆದವನು ನಾನು ಅಂದುಕೊಂಡರು. ಮಂಚದ ಮೇಲೆ ಮಲಗಿ, ಹೆಂಡತಿಯ ಕೈಗೆ ಟೇಪು ಕೊಟ್ಟು, ಹೊಕ್ಕುಳಿನಿಂದ ಹಿಮ್ಮಡಿಯವರೆಗೆ ಅಳೆಸಿದರು.

"ಬಿಗಿಯಾಗಿ ಹಿಡಿಯೇ."

"ಹಿಡಿದಿದೀನಿ. ನೀವು ಹೊಟ್ಟೆ ಒಳಗೆಳ್ಕೊಳ್ಳಿ, ಗುಡ್ಡ ಹತ್ತಿ ಇಳಿದು ಬರ್ತಿದೆ ಟೇಪು."

ಒಂದು ಇಂಚು ವ್ಯತ್ಯಾಸ ಬಂತು. ಮೇಸ್ತ್ರಿ ಹಳೆಯ ರಬ್ಬರ್ ಚಾಪೆ ಕತ್ತರಿಸಿ, ಪದರದ ಮೇಲೆ ಪದರ ಅಂಟಿಸಿ, ಎಡಗಾಲಿನ ಚಪ್ಪಲಿಗೆ ಇಡೀ ಒಂದು ಇಂಚು ಕೊಟ್ಟರು. ನೆಲದಲ್ಲಿ ತಗ್ಗಿದ್ದರೆ ಅವರು ಮಾಡುತ್ತಿದ್ದುದೂ ಹಾಗೇ, ಎಷ್ಟು ತಗ್ಗೋ ಅಷ್ಟು ಗಾರೆ, ಒಂದೇ ಸಲಕ್ಕೆ. ಆ ಚಪ್ಪಲಿ ಮೆಟ್ಟಿ ಬೀದಿಯ ತುದಿಯವರೆಗೆ ಹೋಗಿ ಬಂದರು. ಮರುದಿನ ಹಾಸಿಗೆಯಿಂದ ಏಳಲಾಗಲಿಲ್ಲ. ಬೆನ್ನು ಹಲಗೆಯಂತೆ ಸೆಟೆದಿತ್ತು.

ಆಸ್ಪತ್ರೆಯಲ್ಲಿ ವ್ಯಾಯಾಮ ಹೇಳಿಕೊಡುವ ಡಾಕ್ಟರಮ್ಮ ಒಬ್ಬರಿದ್ದರು. ಮೇಸ್ತ್ರಿಯ ಮಗಳ ವಯಸ್ಸು, ಗದರಿಕೆ ಮಾತ್ರ ಅತ್ತೆಯದು. ಚಪ್ಪಲಿಯನ್ನು ಬೆರಳ ತುದಿಯಲ್ಲಿ ಎತ್ತಿ ಹಿಡಿದು ಕೇಳಿದರು:

"ಇದೇನ್ ಯಜಮಾನ್ರೇ, ಇಟ್ಟಿಗೆನಾ?"

"ಒಂದು ಇಂಚು ತಗ್ಗಿತ್ತು ಡಾಕ್ಟ್ರಮ್ಮ, ತುಂಬಿಸ್ದೆ."

"ಮೈ ಏನು ಸಿಮೆಂಟ್ ನೆಲವಾ ತುಂಬಿಸೋಕೆ? ಕೇಳಿ ಇಲ್ಲಿ. ಹೊಸ ಕೀಲಿಂದ ಕಾಲು ನಿಜವಾಗ್ಲೂ ಒಂಚೂರು ಉದ್ದ ಆಗಿರಬಹುದು. ಆದ್ರೆ ವರ್ಷಗಟ್ಟಲೆ ಕುಂಟಿ ನಿಮ್ಮ ಸೊಂಟದ ಸ್ನಾಯು ಬಿಗಿದು ಕೂತಿದೆ, ಸೊಂಟವೇ ವಾರೆಯಾಗಿದೆ. ನೀವು ಅಳೆದಿದ್ದು ಎರಡನ್ನೂ ಸೇರಿಸಿ. ವಾರೆ ಇರೋದು ವ್ಯಾಯಾಮ ಮಾಡಿದ್ರೆ ಇಳಿಯತ್ತೆ. ಮೂರು ತಿಂಗಳು ತುಂಬಲಿ, ಆಮೇಲೆ ಉಳಿದಿದ್ದಕ್ಕೆ ಮಾತ್ರ ಅಟ್ಟೆ ಕೊಡೋಣ, ಅದೂ ಸ್ವಲ್ಪ ಸ್ವಲ್ಪವಾಗಿ."

ಮೇಸ್ತ್ರಿ ತಲೆಯಾಡಿಸಿದರು. ದಿನಕ್ಕೆ ಮೂರು ಹೊತ್ತು ಮಂಚದ ಮೇಲೆ ಕಾಲು ಚಾಚಿ, ಎತ್ತಿ, ಪಕ್ಕಕ್ಕೆ ಸರಿಸಿ, ಹೆಂಡತಿ ಎಣಿಸಿದಷ್ಟೂ ಮಾಡಿದರು. ಹೆಂಡತಿ ಎಣಿಕೆಯಲ್ಲಿ ಬಿಗಿ. ಎಂಟಾದ ಮೇಲೆ ಮೇಸ್ತ್ರಿ ಹತ್ತು ಅಂದರೆ, "ಒಂಬತ್ತು ಎಲ್ಲಿ ಹೋಯ್ತು?" ಎಂದು ಕೇಳಿ ಮತ್ತೆ ಎತ್ತಿಸುತ್ತಿದ್ದರು.

ಹತ್ತನೆಯ ವಾರ ಮನೆಯಲ್ಲಿ ಇರಲಾರದೆ ಮೇಸ್ತ್ರಿ ಕೆಲಸದ ಜಾಗಕ್ಕೆ ಹೋದರು. ಗ್ರಂಥಾಲಯದ ಓದುವ ಕೋಣೆ, ದೊಡ್ಡದು. ಅರ್ಧ ನೆಲವನ್ನು ತಮ್ಮ ಹಾಸಿ ಮುಗಿಸಿದ್ದ. ಬಿಲ್ಲೆಗಳ ಸಂದು ದಾರ ಹಿಡಿದು ಎಳೆದಂತೆ ನೇರವಾಗಿತ್ತು. ಮೇಸ್ತ್ರಿ ಚಪ್ಪಲಿ ಬಿಟ್ಟರು, ನಿಂತರು, ಕಣ್ಣು ಮುಚ್ಚಿದರು.

"ಎಡಗಡೆ ಮೂರು ನೂಲು ಇಳಿದಿದೆಯಲ್ಲೋ! ಏನ್ ಮಾಡಿದೀಯ ಇದು? ಕೀಳು, ಎಲ್ಲ ಕೀಳು."

ಕೆಲಸದವರು ಕೈ ನಿಲ್ಲಿಸಿದರು. ತಮ್ಮನು ಚೀಲದಿಂದ ರಸಮಟ್ಟ ತೆಗೆದು ಅಣ್ಣನ ಪಾದದ ಪಕ್ಕದಲ್ಲಿ ಇಟ್ಟ. ಗುಳ್ಳೆ ನಟ್ಟನಡುವೆ ನಿಂತಿತು.

"ನಿನ್ನ ರಸಮಟ್ಟ ಕೆಟ್ಟಿದೆ" ಎಂದರು ಮೇಸ್ತ್ರಿ.

"ನೀನೇ ಹೇಳಿಕೊಟ್ಟಿದ್ದಲ್ವಾ ಅಣ್ಣಾ, ರಸಮಟ್ಟದ ಮೇಲೆ ಅನುಮಾನ ಬಂದ್ರೆ ತಿರುಗಿಸಿ ಇಡು ಅಂತ." ತಮ್ಮ ಪಟ್ಟಿಯನ್ನು ತಲೆಕಡೆ ಬಾಲಕಡೆ ಅದಲುಬದಲು ಮಾಡಿ ಅದೇ ಜಾಗದಲ್ಲಿಟ್ಟ. ಗುಳ್ಳೆ ಮತ್ತೆ ನಡುವೆಯೇ. "ನೋಡು. ಕೆಟ್ಟಿದ್ರೆ ತಿರುಗಿಸಿದಾಗ ಗುಳ್ಳೆ ನಡುವೆ ನಿಲ್ತಿರಲಿಲ್ಲ." ಆಮೇಲೆ ದನಿ ತಗ್ಗಿಸಿ ಅಂದ: "ಅಲ್ಲಿ ಕುರ್ಚಿ ಇದೆ, ಕೂತ್ಕೊ ಅಣ್ಣಾ. ನಾವು ನೋಡ್ಕೋತೀವಿ."

ತಮ್ಮ ಅಂದದ್ದು ಅಕ್ಕರೆಯಿಂದಲೇ. ಆದರೂ ಆ ಕುರ್ಚಿ ಮೇಸ್ತ್ರಿಯ ಎದೆಗೆ ಚುಚ್ಚಿತು. ಒಂದು ಸಲ ಅದರಲ್ಲಿ ಕೂತರೆ ಇನ್ನು ಏಳುವಂತಿಲ್ಲ ಎಂದು ಅವರಿಗೆ ಗೊತ್ತಿತ್ತು. ಕೂರದೆ ಮನೆಗೆ ಬಂದರು.

ಅಡುಗೆಮನೆಯಲ್ಲಿ ನೀರು ಕುಡಿದು, ಲೋಟ ಕೈಯಲ್ಲಿ ಹಿಡಿದೇ ನಿಂತರು. ಎಡಗಾಲು ಹಳ್ಳದಲ್ಲಿತ್ತು, ಗೋಡೆಯ ಕಡೆ. ಈ ನೆಲ ತಾವೇ ಹಾಸಿದ್ದು, ಇದರ ಒಂದೊಂದು ಬಿಲ್ಲೆಯೂ ಅವರಿಗೆ ಗೊತ್ತು, ಗೋಡೆ ಕಡೆ ಇಳಿಜಾರಿಲ್ಲ. ತಮ್ಮನ ಮಾತು ತಲೆಯಲ್ಲಿ ಸುಳಿಯುತ್ತಲೇ ಇತ್ತು: ಅನುಮಾನ ಬಂದರೆ ತಿರುಗಿಸಿ ಇಡು. ಮೇಸ್ತ್ರಿ ನಿಂತಲ್ಲೇ ಮೆಲ್ಲಗೆ ಹಿಂದೆಮುಂದಾಗಿ ತಿರುಗಿದರು. ಈಗ ಎಡಗಡೆ ಇದ್ದದ್ದು ಒಲೆ. ನೆಲ ನಿಜವಾಗಿ ಗೋಡೆ ಕಡೆ ಇಳಿದಿದ್ದರೆ ಈಗ ಬಲಗಾಲು ತಗ್ಗಬೇಕಿತ್ತು. ಮತ್ತೆ ಎಡಗಾಲೇ ತಗ್ಗಿತು. ಇನ್ನೊಮ್ಮೆ ತಿರುಗಿದರು. ಎಡಗಾಲೇ.

"ಏನ್ರೀ ಇದು, ಲೋಟ ಹಿಡ್ಕೊಂಡು ಬುಗುರಿ ಥರ?" ಎಂದರು ಹೆಂಡತಿ.

"ಕೆಟ್ಟಿರೋ ರಸಮಟ್ಟ ಯಾವುದು ಅಂತ ಗೊತ್ತಾಯ್ತು ಕಣೇ."

"ಯಾವುದು?"

"ನಿನ್ನ ಗಂಡ."

ಹೆಂಡತಿ ಏನೋ ತಮಾಷೆ ಮಾಡಲು ಬಾಯಿ ತೆರೆದವರು ಅವರ ಮುಖ ನೋಡಿದರು. ಆ ಮುಖದಲ್ಲಿ ಬೇಸರ ಇರಲಿಲ್ಲ. ಮೇಸ್ತ್ರಿ ಆಗಲೇ ಮುಂದಿನ ಲೆಕ್ಕಕ್ಕೆ ಇಳಿದಿದ್ದರು. ವಾರೆಯಿರುವ ರಸಮಟ್ಟವನ್ನು ಯಾವ ಕೆಲಸಗಾರನೂ ಎಸೆಯುವುದಿಲ್ಲ. ಒಮ್ಮೆ ಹೀಗೆ, ಒಮ್ಮೆ ತಿರುಗಿಸಿ ಇಟ್ಟು, ಎರಡರ ನಡುವಿನದನ್ನು ಹಿಡಿಯುತ್ತಾನೆ. ಅಂದಿನಿಂದ ಅವರು ಮನೆಯಲ್ಲಿ ಎಲ್ಲಿ ನಿಂತರೂ ಎರಡು ಸಲ ನಿಲ್ಲತೊಡಗಿದರು. ಬಾಗಿಲಲ್ಲಿ, ಬಚ್ಚಲಲ್ಲಿ, ಮೆಟ್ಟಿಲ ಕೆಳಗೆ. ಪಕ್ಕದ ಮನೆಯಾಕೆ ಕಾಂಪೌಂಡಿನಾಚೆಯಿಂದ ನೋಡಿ, "ನಿಮ್ಮ ಯಜಮಾನರಿಗೆ ತಲೆಸುತ್ತಾ?" ಎಂದು ಹೆಂಡತಿಯನ್ನು ಕೇಳಿದಳಂತೆ.

ಮೂರು ತಿಂಗಳು ತುಂಬಿದ ಮೇಲೆ ಅಳತೆಯ ದಿನ ಬಂತು. ತಮ್ಮನೇ ಆಟೋದಲ್ಲಿ ಕರೆದುಕೊಂಡು ಹೋದ. ಅಲ್ಲಿಂದ ನೇರ ಕೆಲಸಕ್ಕೆ ಹೋಗುವವನಾದ್ದರಿಂದ ಸಾಮಾನಿನ ಚೀಲ ಹೆಗಲಲ್ಲೇ ಇತ್ತು. ಡಾಕ್ಟರಮ್ಮ ಮೇಸ್ತ್ರಿಯನ್ನು ಕಿಟಕಿಗೆ ಮುಖ ಮಾಡಿ ನಿಲ್ಲಿಸಿ, ಎಡಪಾದದ ಕೆಳಗೆ ತೆಳುವಾದ ಹಲಗೆಗಳನ್ನು ಒಂದೊಂದಾಗಿ ಇಡುತ್ತ, ಹಿಂದಿನಿಂದ ಸೊಂಟದ ಎರಡೂ ಮೂಳೆಗಳ ಮೇಲೆ ಕೈಯಿಟ್ಟು ನೋಡಿದರು. ಹಲಗೆಗಳು ಒಂದೊಂದೂ ಒಂದು ನೂಲು ದಪ್ಪ. ಮೂರನೆಯದಕ್ಕೆ ಸೊಂಟ ಸಮವಾಯಿತು.

"ನೋಡಿ, ಒಂದು ಇಂಚು, ಅಂದ್ರೆ ಎಂಟು ನೂಲಿದ್ದದ್ದು ಮೂರಕ್ಕಿಳಿದಿದೆ. ಮೂರು ಅಂತ ಬರಿಲಾ?"

"ಸ್ವಲ್ಪ ತಾಳಿ ಡಾಕ್ಟ್ರಮ್ಮ" ಎಂದ ಮೇಸ್ತ್ರಿ ಹಲಗೆಯಿಂದ ಇಳಿದು, ಕಿಟಕಿಗೆ ಬೆನ್ನು ಮಾಡಿ ನಿಂತರು. "ಈಗ ಇಡಿ."

"ಯಾಕೆ? ಕಾಲು ಅದೇ ಅಲ್ವಾ?"

"ಕಾಲು ಅದೇ. ಇಡಿ."

ಅವರು ಒಂದು ಹಲಗೆ ಇಟ್ಟರು. ಸೊಂಟ ಸಮವಾಯಿತು. ಎರಡನೆಯದು ಇಟ್ಟರೆ ಎಡಗಡೆ ಮೇಲೆ ಹೋಯಿತು. ಡಾಕ್ಟರಮ್ಮ ತೆಗೆದು, ಮತ್ತೆ ಇಟ್ಟು ನೋಡಿದರು. ಅಷ್ಟೇ ಬಂತು.

"ಆ ಕಡೆ ಮೂರು, ಈ ಕಡೆ ಒಂದು. ನನ್ನ ಕಾಲು ಎರಡು ನೂಲು" ಎಂದರು ಮೇಸ್ತ್ರಿ. "ಮಿಕ್ಕ ಒಂದು ನೂಲು ನಿಮ್ಮ ನೆಲದ್ದು. ಬಾಗಿಲ ಪಕ್ಕದ ಗೋಡೆ ಕಡೆ ಇಳಿದಿದೆ. ಇದು ಮೊದಲು ಬಚ್ಚಲಾಗಿತ್ತಾ?"

ಮೂಲೆಯಲ್ಲಿ ಬಟ್ಟೆ ಮಡಚುತ್ತಿದ್ದ ಹಳೆಯ ಆಯಾ ತಲೆಯೆತ್ತಿದಳು. "ಅಯ್ಯೋ ಹೌದು! ಮುಂಚೆ ಇಲ್ಲೇ ರೋಗಿಗಳಿಗೆ ಸ್ನಾನ ಮಾಡಿಸ್ತಿದ್ವಿ. ಆ ಗೋಡೆ ಕೆಳಗೆ ನೀರು ಹೋಗೋ ತೂತಿತ್ತು, ಮುಚ್ಚಿದ್ರು."

"ಹಾಸಿದವನು ಸರಿಯಾಗೇ ಹಾಸಿದಾನೆ ಬಿಡಿ" ಎಂದರು ಮೇಸ್ತ್ರಿ.

ತಮ್ಮನು ಚೀಲದಿಂದ ರಸಮಟ್ಟ ತೆಗೆದು ಅಣ್ಣನ ಪಾದಗಳಿದ್ದ ಜಾಗದಲ್ಲಿಟ್ಟ. ಗುಳ್ಳೆ ಗೋಡೆಯಿಂದ ದೂರ ಓಡಿತು. ಇಳಿದ ತುದಿಯ ಕೆಳಗೆ ಹಲಗೆ ತೂರಿಸಿ ನೋಡಿದ. ಪಾದದಿಂದ ಪಾದಕ್ಕೆ ಸರಿಯಾಗಿ ಒಂದು ನೂಲು. ಅವನು ಎದ್ದು ನಿಂತು, ರಸಮಟ್ಟವನ್ನು ಚಡ್ಡಿಗೆ ಒರೆಸುತ್ತ ಅಣ್ಣನ ಮುಖ ನೋಡಲಾರದೆ ಅಂದ: "ಓದೋ ಕೋಣೆ ಕೊನೆ ಸಾಲು ಗುರುವಾರ ಹಾಸ್ತೀವಿ. ಬರ್ತೀಯಾ?"

"ಕುರ್ಚಿ ಇರತ್ತಾ?"

"ಸಾಕು ಬಿಡೋ ಅಣ್ಣಾ."

ಡಾಕ್ಟರಮ್ಮ ಮೂರನ್ನು ಹೊಡೆದುಹಾಕಿ ಎರಡು ಎಂದು ಬರೆದರು. ಮೊದಲು ಒಂದು ನೂಲಿನ ಅಟ್ಟೆ ಹಾಕಿಸಿ, ತಿಂಗಳು ಬಿಟ್ಟು ನೋಡೋಣ, ಇನ್ನೊಂದು ಬೇಕೇ ಆಗದೆಯೂ ಇರಬಹುದು ಎಂದರು. ನಾಳೆಯಿಂದ ಅಳತೆಯನ್ನು ಪಕ್ಕದ ಕೋಣೆಯಲ್ಲಿ ಮಾಡುವುದೆಂದು ಆಯಾಗೂ ಹೇಳಿದರು. ಹೊರಡುವಾಗ ಮೇಸ್ತ್ರಿ ಆ ಪಕ್ಕದ ಕೋಣೆಗೂ ಹೋಗಿ ಎರಡು ಸಲ ನಿಂತು ಬಂದರು.

ಗುರುವಾರ ಓದುವ ಕೋಣೆಯ ಬಾಗಿಲಲ್ಲಿ ಅವರು ಹೊಸ ಅಟ್ಟೆಯ ಚಪ್ಪಲಿ ಬಿಟ್ಟು ಬರಿಗಾಲಲ್ಲಿ ಒಳಗೆ ನಡೆದರು. ಟಕ್, ಧಪ್. ಕೊನೆಯ ಸಾಲಿನ ಹಸಿ ಗಾರೆಯ ಬಿಲ್ಲೆಗಳ ಮೇಲೆ ಹಾಕಿದ್ದ ಹಲಗೆಯ ಮೇಲೆ ನಿಂತು ಕಣ್ಣು ಮುಚ್ಚಿದರು. ಕೆಲಸದವರಲ್ಲೊಬ್ಬ ಏನೋ ಹೇಳಹೊರಟ. ತಮ್ಮ ಕೈ ಅಡ್ಡ ಹಿಡಿದು, "ತಡಿಯೋ, ಇನ್ನೂ ತಿರುಗಿಲ್ಲ" ಎಂದ. ಮೇಸ್ತ್ರಿ ತಿರುಗಿ ನಿಂತರು. ಒಂದು ಗಳಿಗೆ ಕಳೆಯಿತು.

"ಬಾಗಿಲ ಕಡೆ ಅರ್ಧ ನೂಲು ಎದ್ದಿದೆ. ತಟ್ಟು."

ತಮ್ಮ ರಬ್ಬರ್ ಸುತ್ತಿಗೆ ಎತ್ತಿಕೊಂಡು ಕೂತ. ರಸಮಟ್ಟ ಚೀಲದಲ್ಲೇ ಇತ್ತು.